"ಎಂತ ಇಲ್ಲ ಡಾಕ್ಟ್ರೇ"

ಮಳೆಗಾಲದಲ್ಲಿ ಉಡುಪಿಯ ನನ್ನ ಕ್ಲಿನಿಕ್ಕಿಗೆ ಜ್ವರ, ಕೆಮ್ಮು, ಮೈಕೈ ನೋವು ಅಂತ ಬಂದವರಿಗೆ ನಾನು ಕೇಳುವ ಮೊದಲ ಪ್ರಶ್ನೆ, "ಬೇರೆ ಕಾಯಿಲೆ ಎಂತಾದ್ರೂ ಉಂಟಾ?" ಹೆಚ್ಚಿನವರದ್ದು ಒಂದೇ ಉತ್ತರ. "ಎಂತ ಇಲ್ಲ ಡಾಕ್ಟ್ರೇ." ದಿನಾ ತೆಗೊಳ್ಳುವ ಮಾತ್ರೆ ಅಂತ ಕೇಳಿದರೆ ಮಾತ್ರ ಬ್ಯಾಗಿನ ತಳದಿಂದ ಒಂದು ಪ್ಲಾಸ್ಟಿಕ್ ಕವರ್ ಹೊರಗೆ ಬರುತ್ತದೆ. ಶುಗರಿನ ಮಾತ್ರೆ, ಸ್ಟೆಂಟ್ ಹಾಕಿದ ಮೇಲೆ ಕೊಟ್ಟ ಮಾತ್ರೆ, ಕೆಲವೊಮ್ಮೆ ಒಂದು ಇನ್‌ಹೇಲರ್ ಕೂಡ. ಇದೆಂತ ಮಾರಾಯ್ರೆ ಅಂದರೆ, "ಅದು ಕಂಟ್ರೋಲಲ್ಲಿ ಉಂಟಲ್ಲ!"

ಕಂಟ್ರೋಲಲ್ಲಿ ಇರುವುದು ಸಂತೋಷ. ಆದರೆ ಕಾಯಿಲೆ ಹೋಗಿಲ್ಲ, ಮಾತ್ರೆ ಅದನ್ನು ಹಿಡಿದು ಕೂರಿಸಿದೆ ಅಷ್ಟೇ. ಫ್ಲೂ, ಅಂದರೆ ಇನ್‌ಫ್ಲುಯೆಂಜಾ ವೈರಸ್ಸಿನ ಜ್ವರ, ಬಂದಾಗ ಆ ಹಿಡಿತ ಸಡಿಲವಾಗುತ್ತದೆ. ಮೈ ಸೋಂಕಿನ ಜೊತೆ ಹೋರಾಡುವಾಗ ಶುಗರ್ ಏರುತ್ತದೆ, ಏರಿದ ಶುಗರಿನಿಂದ ಹೋರಾಡುವ ಶಕ್ತಿ ಇನ್ನೂ ಇಳಿಯುತ್ತದೆ. ಅತ್ತ ಬಾಯಿ ರುಚಿ ಕೆಟ್ಟು ಗಂಜಿಯೂ ಸೇರದೆ ಮಾತ್ರೆ ಮಾತ್ರ ನುಂಗಿದರೆ ಅದೇ ಶುಗರ್ ಇದ್ದಕ್ಕಿದ್ದಂತೆ ಕುಸಿಯಲೂಬಹುದು. ಹೃದಯದ ಕತೆಯೂ ಹೀಗೇ. 2018ರಲ್ಲಿ ಕೆನಡಾದಿಂದ ಬಂದ ಒಂದು ಅಧ್ಯಯನದಲ್ಲಿ, ಫ್ಲೂ ಖಚಿತವಾದ ಮೊದಲ ವಾರದಲ್ಲಿ ಹಾರ್ಟ್ ಅಟ್ಯಾಕ್ ಸುಮಾರು 6 ಪಟ್ಟು ಜಾಸ್ತಿ ಕಂಡಿತ್ತು. ಹೆದರಿಸಲು ಹೇಳುತ್ತಿಲ್ಲ, ಹೆಚ್ಚಿನವರು ಮನೆಯಲ್ಲೇ ಗುಣವಾಗುತ್ತಾರೆ. ಆದರೆ ನಿಮ್ಮ ಕವರಿನಲ್ಲಿ ಶುಗರ್, ಹೃದಯ, ಕಿಡ್ನಿ ಅಥವಾ ದಮ್ಮಿನ ಔಷಧಿ ಇದ್ದರೆ, ನೀವು ಎಷ್ಟೇ ಗಟ್ಟಿಮುಟ್ಟಾಗಿದ್ದರೂ, ದಿನಾ ಮೂರು ಕಿಲೋಮೀಟರ್ ನಡೆದರೂ, "ಜಾಸ್ತಿ ಅಪಾಯ ಇರುವವರು" ಅಂದರೆ ನೀವೇ.

65 ದಾಟಿದವರು, 5 ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ಹೆರಿಗೆಯಾಗಿ ಎರಡು ವಾರ ಆಗದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಕೂಡ ಈ ಪಟ್ಟಿಯಲ್ಲಿದ್ದಾರೆ. ಇವರಲ್ಲಿ ಹೆಚ್ಚಿನವರನ್ನು ಮನೆಯವರೇ ಜೋಪಾನ ಮಾಡುತ್ತಾರೆ. ನನಗೆ ತಲೆನೋವು ಈ ಕಂಟ್ರೋಲಿನವರದ್ದೇ.

ಎರಡು ವರ್ಷದ ಹಿಂದೆ ಮಲ್ಪೆ ಕಡೆಯ ಒಬ್ಬರು ಬಂದಿದ್ದರು. ಜೂನ್ ತಿಂಗಳು, ಮೀನುಗಾರಿಕೆಗೆ ರಜೆ, ಹೇಗೂ ಮನೆಯಲ್ಲೇ ಇದ್ದೇನಲ್ಲ ಅಂತ ಐದು ದಿನ ಕಾಳುಮೆಣಸಿನ ಕಷಾಯ, ಜೊತೆಗೆ ಮೆಡಿಕಲ್ ಶಾಪಿನಿಂದ ತಂದ ಆಂಟಿಬಯೋಟಿಕ್. ಕಷಾಯಕ್ಕೆ ನನ್ನ ತಕರಾರಿಲ್ಲ, ನಾನೂ ಕುಡಿಯುತ್ತೇನೆ. ಆದರೆ ವೈರಸ್ಸಿಗೆ ಆಂಟಿಬಯೋಟಿಕ್ ಎಂತ ಮಾಡುತ್ತದೆ? ಬರುವಾಗ ಏದುಸಿರು, ಶುಗರ್ 400 ದಾಟಿತ್ತು. ನೇರ ಅಡ್ಮಿಟ್. ಗುಣವಾದರು, ಆದರೆ ಹದಿನೈದು ದಿನ ಹಿಡಿಯಿತು. ಫ್ಲೂಗೆ ಇರುವ ಒಸೆಲ್ಟಾಮಿವಿರ್ ಮಾತ್ರೆ ಚೆನ್ನಾಗಿ ಕೆಲಸ ಮಾಡುವುದು ಲಕ್ಷಣ ಶುರುವಾದ 48 ಗಂಟೆಯೊಳಗೆ ತೆಗೆದುಕೊಂಡರೆ. ತಡವಾದರೂ ಆಸ್ಪತ್ರೆಯಲ್ಲಿ ಕೊಡುತ್ತೇವೆ, ಆದರೆ ಮೊದಲಿನ ಲಾಭ ಸಿಗುವುದಿಲ್ಲ. ಬೇರೆಯವರು ಎರಡು ದಿನ ಕಾದು ನೋಡಲಿ. ನೀವು ಮೊದಲ ದಿನವೇ ಫೋನ್ ಆದರೂ ಮಾಡಿ. ನಮ್ಮ ಊರಿನ ಮಳೆಗಾಲದ ಜ್ವರ ಮಲೇರಿಯಾ, ಡೆಂಗ್ಯೂ, ಇಲಿಜ್ವರ ಯಾವುದೂ ಆಗಿರಬಹುದು, ಮನೆಯಲ್ಲಿ ಕೂತು ಹೇಳಲಾಗದು. ಊಟ ಸೇರದಿದ್ದರೆ ಶುಗರಿನ ಮಾತ್ರೆ ಬಿಡುವುದೋ ಕಡಿಮೆ ಮಾಡುವುದೋ ಅಂತಲೂ ನೀವೇ ತೀರ್ಮಾನಿಸಬೇಡಿ, ಕೇಳಿ.

ಮತ್ತೆ ವಯಸ್ಸಾದವರಿಗೆ ಫ್ಲೂ ಬಂದರೂ ಕೆಲವೊಮ್ಮೆ ಜ್ವರವೇ ಇರುವುದಿಲ್ಲ. ಅಜ್ಜಿ ಸುಮ್ನೆ ಮಂಕಾಗಿ ಕೂತಿದ್ದಾರೆ, ಮಾತು ಸ್ವಲ್ಪ ಅಸ್ತವ್ಯಸ್ತ, ಅಷ್ಟೇ. ಥರ್ಮಾಮೀಟರ್ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ.

ಫ್ಲೂ ಲಸಿಕೆ ವರ್ಷವರ್ಷ ತೆಗೆದುಕೊಳ್ಳಬೇಕು, ವೈರಸ್ ಬದಲಾಗುತ್ತಾ ಇರುತ್ತದೆ. ರಕ್ಷಣೆ ಬರಲು ಸುಮಾರು ಎರಡು ವಾರ ಬೇಕು. ಅದಕ್ಕೇ ನಾನು ಪತ್ತನಾಜೆಯ ಲೆಕ್ಕ ಹೇಳುವುದು, ಮೇ ಕೊನೆಯ ಹೊತ್ತಿಗೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ದಿನ ಅದು. ಮೇಳದವರು ಗೆಜ್ಜೆ ಬಿಚ್ಚುವ ಹೊತ್ತಿಗೆ ನೀವು ತೋಳು ಕೊಟ್ಟು ಮುಗಿಸಿರಬೇಕು. ಲಸಿಕೆ ಹಾಕಿಸಿಕೊಂಡವರಿಗೂ ಫ್ಲೂ ಬರಬಹುದು, ಆದರೆ ಅಡ್ಮಿಟ್ ಆಗುವಷ್ಟು ಜೋರಾಗುವ ಸಾಧ್ಯತೆ ಕಡಿಮೆ. ಯಾವುದು, ಯಾವಾಗ ಅಂತ ನಿಮ್ಮನ್ನು ನೋಡುವ ಡಾಕ್ಟರನ್ನೇ ಕೇಳಿ.

ಹೋಗುವಾಗ ಆ ಪ್ಲಾಸ್ಟಿಕ್ ಕವರ್ ತೆಗೆದುಕೊಂಡು ಹೋಗಿ. ಬ್ಯಾಗಿನ ತಳದಲ್ಲಲ್ಲ, ಕೈಯಲ್ಲಿ ಹಿಡಿದುಕೊಂಡು.