ವಿದ್ಯಾರ್ಹತೆಯ ಮಾನ್ಯತೆ ಎಂದರೇನು?

ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಬಿ.ಎಸ್ಸಿ. ಮುಗಿಸಿದ ಮಂಜೇಶ್ವರದ ಹುಡುಗಿ ಕಣ್ಣೂರು ವಿಶ್ವವಿದ್ಯಾನಿಲಯದ ಕಾಲೇಜಿಗೆ ಸೇರಲು ಹೋದರೆ ಕೇಳುವ ಮಾತು, ‘ಇಕ್ವಿವಲೆನ್ಸಿ ಆಗಿದೆಯಾ?’ ಅಂದರೆ, ಆ ಪದವಿ ಇಲ್ಲಿನದಕ್ಕೆ ಸಮ ಎಂಬ ಪತ್ರ ಸಿಕ್ಕಿದೆಯಾ ಎಂದು. ಕರ್ನಾಟಕ–ಕೇರಳ ಗಡಿಯ ತಲಪಾಡಿಯ ಆಚೆ ಕಲಿತದ್ದು ಈಚೆ ತಾನಾಗಿ ಸಲ್ಲುವುದಿಲ್ಲ. ಮಂಗಳೂರಿನಲ್ಲಿ ನರ್ಸಿಂಗ್ ಓದಿ ಕರ್ನಾಟಕದ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ದಾಖಲಿಸಿದವರೂ ಕೇರಳದಲ್ಲಿ ಕೆಲಸ ಮಾಡಲು ಇಲ್ಲಿನ ಕೌನ್ಸಿಲಿನ ಬಾಗಿಲು ತಟ್ಟಬೇಕು. ಕಾಸರಗೋಡಿನವರಿಗೆ ಇದು ಹೊಸ ಸಂಗತಿಯೇ ಅಲ್ಲ. ಪರದೇಶಕ್ಕೆ ಹೋದಾಗ ಇದೇ ಪ್ರಶ್ನೆ ಇನ್ನಷ್ಟು ಬಿಗಿಯಾಗಿ ಎದುರಾಗುತ್ತದೆ. ಅದರ ಹೆಸರೇ ವಿದ್ಯಾರ್ಹತೆಯ ಮಾನ್ಯತೆ.

ಒಂದು ದೇಶದಲ್ಲಿ ಪಡೆದ ವೃತ್ತಿಶಿಕ್ಷಣವನ್ನು ಇನ್ನೊಂದು ದೇಶದ ಅಧಿಕೃತ ಸಂಸ್ಥೆ ತನ್ನಲ್ಲಿನ ಶಿಕ್ಷಣದೊಂದಿಗೆ ತಾಳೆ ನೋಡಿ, ‘ಈ ಕೆಲಸಕ್ಕೆ ಇದು ಸಾಕು’ ಎಂದೋ ‘ಇಷ್ಟು ಕೊರತೆ ಇದೆ’ ಎಂದೋ ತೀರ್ಮಾನ ಕೊಡುವುದೇ ಮಾನ್ಯತೆ. ಎಲ್ಲ ಕೆಲಸಗಳಿಗೂ ಇದು ಬೇಡ. ಸಾಫ್ಟ್‌ವೇರಿನವರಿಗೆ ಕಂಪನಿ ಒಪ್ಪಿದರೆ ಸಾಮಾನ್ಯವಾಗಿ ಅಷ್ಟೇ ಸಾಕು. ಜನರ ಜೀವ, ಆರೋಗ್ಯ, ನ್ಯಾಯಕ್ಕೆ ಸಂಬಂಧಿಸಿದ ಕಸುಬುಗಳನ್ನು ಮಾತ್ರ ಸರಕಾರಗಳು ಕಾನೂನಿನ ಕಟ್ಟಿನೊಳಗೆ ಇಡುತ್ತವೆ: ವೈದ್ಯರು, ನರ್ಸುಗಳು, ಫಾರ್ಮಸಿಸ್ಟರು, ವಕೀಲರು. ಕೆನಡಾದಲ್ಲಿ ಎಂಜಿನಿಯರ್ ಎಂದು ಕರೆದುಕೊಳ್ಳುವುದಕ್ಕೂ ಆಯಾ ಪ್ರಾಂತ್ಯದ ಸಂಸ್ಥೆಯ ಲೈಸೆನ್ಸ್ ಬೇಕು.

ನಮ್ಮ ಕಡೆ ಅತಿ ಹೆಚ್ಚು ಗೊಂದಲ ಇರುವುದು ಅಟೆಸ್ಟೇಶನ್ ವಿಷಯದಲ್ಲಿ. ‘ಸರ್ಟಿಫಿಕೇಟೆಲ್ಲ ಅಟೆಸ್ಟ್ ಆಗಿದೆ, ಇನ್ನೇನು ಹೋಗುವುದೇ’ ಎನ್ನುವವರನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಅಟೆಸ್ಟೇಶನ್ ಹೇಳುವುದು ಇಷ್ಟೇ: ಈ ಕಾಗದದ ಮೇಲಿನ ಸಹಿ, ಮೊಹರು ಅಸಲಿ. ಕಲಿತದ್ದು ಸಾಕೋ ಸಾಲದೋ ಎಂಬುದರ ಬಗ್ಗೆ ಅದು ಒಂದಕ್ಷರವನ್ನೂ ಹೇಳುವುದಿಲ್ಲ. ದಾಖಲೆಗಳ ಮುದ್ರೆಯನ್ನು ದೇಶಗಳು ಪರಸ್ಪರ ಒಪ್ಪಿಕೊಳ್ಳುವ ಹೇಗ್ ಒಪ್ಪಂದದಲ್ಲಿ 2005ರಿಂದ ಭಾರತವೂ ಇರುವುದರಿಂದ ಅನೇಕ ದೇಶಗಳಿಗೆ ಅಪೋಸ್ಟಿಲ್ ಎಂಬ ಒಂದೇ ಮುದ್ರೆ ನಡೆಯುತ್ತದೆ. ಯುಎಇ ಆ ಒಪ್ಪಂದದಲ್ಲಿ ಇಲ್ಲದ ಕಾರಣ ದುಬೈಗೆ ಹೋಗುವವರು ರಾಜ್ಯ ಸರಕಾರ, ವಿದೇಶಾಂಗ ಸಚಿವಾಲಯ, ರಾಯಭಾರ ಕಚೇರಿ ಎಂದು ಮೆಟ್ಟಿಲು ಮೆಟ್ಟಿಲಾಗಿ ಹತ್ತಬೇಕು. ಸಾಮಾನ್ಯವಾಗಿ ಸರ್ಟಿಫಿಕೇಟು ಕೊಟ್ಟ ರಾಜ್ಯದಲ್ಲೇ ಮೊದಲ ಮುದ್ರೆ. ಹಾಗಾಗಿ ಕೇರಳದ ಎಸ್ಎಸ್ಎಲ್‌ಸಿ, ಕರ್ನಾಟಕದ ಪದವಿ ಇರುವ ನಮ್ಮ ಮಕ್ಕಳಿಗೆ ಎರಡು ರಾಜ್ಯಗಳ ಓಡಾಟ.

ಅಟೆಸ್ಟೇಶನ್ ಆದ ಮೇಲೂ ನರ್ಸುಗಳಂಥವರಿಗೆ ಇನ್ನೊಂದು ಪರಿಶೀಲನೆ ಉಂಟು. ಗಲ್ಫಿನಲ್ಲಿ ಅದಕ್ಕೆ ಡೇಟಾಫ್ಲೋ ಎಂದೇ ಹೆಸರು ಬಿದ್ದುಬಿಟ್ಟಿದೆ. ನೀವು ಕೊಟ್ಟ ಪ್ರತಿಯನ್ನು ನಂಬದೆ, ಕಾಲೇಜಿಗೆ, ಕೌನ್ಸಿಲಿಗೆ, ಕೆಲಸ ಮಾಡಿದ ಆಸ್ಪತ್ರೆಗೆ ನೇರವಾಗಿ ಬರೆದು ಕೇಳುತ್ತಾರೆ. ಆಸ್ಪತ್ರೆ ಮುಚ್ಚಿಹೋಗಿದ್ದರೆ ಅಥವಾ ಉತ್ತರವನ್ನೇ ಕೊಡದಿದ್ದರೆ ದುಡಿದ ವರ್ಷಗಳು ಲೆಕ್ಕಕ್ಕೆ ಸಿಗದೆ ಹೋಗಬಹುದು. ಆಮೇಲೆ ಪ್ರೊಮೆಟ್ರಿಕ್‌ನಂಥ ಕಂಪ್ಯೂಟರ್ ಪರೀಕ್ಷೆ, ಅದರ ನಂತರವೇ ಲೈಸೆನ್ಸ್.

ಈ ಹಂತದಲ್ಲಿ ಕಾಲಿಗೆ ತೊಡರುವುದು ಹೆಸರು. ಬದಿಯಡ್ಕ ಕಡೆಯ ಒಂದು ಮನೆಯಲ್ಲಿ ನೋಡಿದ ಫೈಲು ಹೀಗಿತ್ತು: ಎಸ್ಎಸ್ಎಲ್‌ಸಿ ಪುಸ್ತಕದಲ್ಲಿ ಹೆಸರಿನ ಹಿಂದೆ ಬರೀ ‘ಕೆ.’, ನರ್ಸಿಂಗ್ ಸರ್ಟಿಫಿಕೇಟಿನಲ್ಲಿ ಹೆಸರಿನ ಮುಂದೆ ಅಪ್ಪನ ಹೆಸರು, ಪಾಸ್‌ಪೋರ್ಟಿನಲ್ಲಿ ಆ ‘ಕೆ.’ ಬಿಡಿಸಿಕೊಂಡು ಪೂರ್ತಿ ಮನೆಹೆಸರಾಗಿದೆ. ನಮಗೆ ಮೂರೂ ಒಬ್ಬಳೇ. ಪರದೇಶದ ಗುಮಾಸ್ತನಿಗೆ ಮೂವರು. ವಿಲೇಜ್ ಆಫೀಸಿನಿಂದ ‘ಒನ್ ಆಂಡ್ ದ ಸೇಮ್’ ಸರ್ಟಿಫಿಕೇಟು ತರಬಹುದು, ಆದರೆ ಎಲ್ಲ ಕಡೆ ಅದು ಸಾಕಾಗುತ್ತದೆ ಎಂಬ ಭರವಸೆ ಇಲ್ಲ. ಪಾಸ್‌ಪೋರ್ಟ್ ಮಾಡಿಸುವ ದಿನವೇ ಎಸ್ಎಸ್ಎಲ್‌ಸಿ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ಅಕ್ಷರಕ್ಕಕ್ಷರ ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಬ್ರಿಟನ್ನಿನ ದಾರಿ ಬೇರೆ. ಅಲ್ಲಿನ ನರ್ಸಿಂಗ್ ಕೌನ್ಸಿಲ್ ಎರಡು ಪರೀಕ್ಷೆ ಇಟ್ಟಿದೆ. ಕಂಪ್ಯೂಟರಿನಲ್ಲಿ ಬರೆಯುವ ಸಿಬಿಟಿಯನ್ನು ಭಾರತದಲ್ಲೇ ಮುಗಿಸಬಹುದು. ಕೈಯಾರೆ ಮಾಡಿ ತೋರಿಸುವ ಓಸ್ಕಿಗೆ ಅಲ್ಲಿಗೇ ಹೋಗಬೇಕು. ಭಾರತದಲ್ಲಿ ಕಲಿತು ಹೋಗುವವರಲ್ಲಿ ಹೆಚ್ಚಿನವರು ಐಇಎಲ್‌ಟಿಎಸ್ ಅಥವಾ ಓಇಟಿ ಎಂಬ ಇಂಗ್ಲಿಷ್ ಪರೀಕ್ಷೆಯನ್ನೂ ಬರೆಯಲೇಬೇಕಾಗುತ್ತದೆ.

ಈಗ ಊರಲ್ಲಿ ಹೆಚ್ಚು ಕೇಳಿಬರುವ ಹೆಸರು ಜರ್ಮನಿ. ಹೊರನಾಡಿಗೆ ಹೋಗುವವರಿಗಾಗಿ ಇರುವ ಕೇರಳ ಸರಕಾರದ ಸಂಸ್ಥೆ ನೋರ್ಕಾ ರೂಟ್ಸ್ 2021ರಲ್ಲಿ ನರ್ಸುಗಳನ್ನು ಕಳುಹಿಸಲು ಜರ್ಮನಿಯೊಂದಿಗೆ ‘ಟ್ರಿಪಲ್ ವಿನ್’ ಒಪ್ಪಂದ ಮಾಡಿಕೊಂಡ ಮೇಲೆ ಬಿ1, ಬಿ2 ಎಂಬ ಜರ್ಮನ್ ಭಾಷಾ ಹಂತಗಳ ಹೆಸರು ಕುಂಬಳೆಯ ಅಮ್ಮಂದಿರಿಗೂ ಬಾಯಿಪಾಠ. ಮಾನ್ಯತೆ ಎಂಬುದರ ನಿಜವಾದ ಅರ್ಥ ನನಗೆ ಸರಿಯಾಗಿ ಕಾಣುವುದೂ ಅಲ್ಲೇ. 2012ರ ಏಪ್ರಿಲಿನಲ್ಲಿ ಜಾರಿಗೆ ಬಂದ ಅಲ್ಲಿನ ಮಾನ್ಯತಾ ಕಾನೂನು, ಎಲ್ಲಿ ಕಲಿತವರಿಗೂ ತಮ್ಮ ಶಿಕ್ಷಣವನ್ನು ತಾಳೆ ನೋಡಿಸಿಕೊಳ್ಳುವ ಹಕ್ಕು ಕೊಟ್ಟಿತು. ಅರ್ಜಿ ಹಾಕಿದರೆ ನಮ್ಮ ಪಾಠಪಟ್ಟಿ, ತರಗತಿಯ ಗಂಟೆ, ವಾರ್ಡಿನ ಗಂಟೆಗಳನ್ನು ಅಲ್ಲಿನದರೊಂದಿಗೆ ಹೋಲಿಸುತ್ತಾರೆ. ಅದಕ್ಕಾಗಿಯೇ ಕಾಲೇಜಿನಿಂದ ಟ್ರಾನ್ಸ್‌ಕ್ರಿಪ್ಟ್ ತೆಗೆಸುವಾಗ ಯಾವ ವಾರ್ಡಿನಲ್ಲಿ ಎಷ್ಟು ಗಂಟೆ ಎಂಬುದು ಬಿಡಿಬಿಡಿಯಾಗಿ ಇರಬೇಕು. ಬರೀ ಅಂಕಪಟ್ಟಿಯಿಂದ ಕೆಲಸ ಆಗದು.

ಹೋಲಿಸಿದ ಮೇಲೆ ಬರುವ ಪತ್ರದಲ್ಲಿ ಸಾಮಾನ್ಯವಾಗಿ ಕೊರತೆಗಳ ಪಟ್ಟಿ ಇರುತ್ತದೆ. ವೃದ್ಧರ ಆರೈಕೆಯಂಥ ವಿಷಯಕ್ಕೆ ನಮ್ಮ ಪಾಠಪಟ್ಟಿಯಲ್ಲಿ ಅಲ್ಲಿನಷ್ಟು ಜಾಗ ಇಲ್ಲ. ಆ ಪತ್ರ ಓದಿ ‘ನಮ್ಮದು ರಿಜೆಕ್ಟ್ ಆಯ್ತು’ ಎಂದು ಅಳುವವರಿದ್ದಾರೆ. ದಯವಿಟ್ಟು ಹಾಗೆ ಓದಬೇಡಿ. ಅದು ಭಾಗಶಃ ಮಾನ್ಯತೆ. ಉಳಿದದ್ದನ್ನು ತುಂಬಿಸಿಕೊಳ್ಳಲು ಎರಡು ದಾರಿ: ಆಸ್ಪತ್ರೆಯಲ್ಲಿ ದುಡಿಯುತ್ತಲೇ ಮುಗಿಸುವ ಹೊಂದಾಣಿಕೆ ತರಬೇತಿ, ಇಲ್ಲವೇ ಜ್ಞಾನ ಪರೀಕ್ಷೆ. ಅಲ್ಲಿಯವರೆಗೆ ಸಹಾಯಕಿಯ ಹುದ್ದೆ, ಸಹಾಯಕಿಯ ಸಂಬಳ. ನನಗೆ ಸಂಕಟವಾಗುವುದು ಇಲ್ಲಿ. ಊರಿನಲ್ಲಿ ಐಸಿಯು ನೋಡಿಕೊಂಡವಳು ಅಲ್ಲಿ ಬಿ2 ಮುಗಿಸಲಾಗದೆ ಸಹಾಯಕಿಯಾಗಿಯೇ ವರ್ಷಗಳನ್ನು ಕಳೆಯುವುದುಂಟು. ಏಜೆಂಟರು ವೀಸಾದವರೆಗಿನ ಕಥೆ ಹೇಳುತ್ತಾರೆ, ಈ ನಡುವಿನ ಕಾಲದ ಬಗ್ಗೆ ಬಾಯಿ ಬಿಡುವುದಿಲ್ಲ. ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಕೇಳಿ ಬರೆಸಿಕೊಳ್ಳಬೇಕಾದದ್ದು ಇದನ್ನು: ತರಬೇತಿಯೋ ಪರೀಕ್ಷೆಯೋ, ಖರ್ಚು ಯಾರದ್ದು, ಭಾಷಾ ತರಗತಿಗೆ ಡ್ಯೂಟಿಯಲ್ಲಿ ಬಿಡುವು ಉಂಟೋ, ಪರೀಕ್ಷೆಯಲ್ಲಿ ಒಮ್ಮೆ ಸೋತರೆ ಎರಡನೇ ಸಲ ಬರೆಯುವವರೆಗೆ ಕೆಲಸ ಇರುತ್ತದೋ.