ನಡೆಯುವುದು ಬೇರೆ, ಎತ್ತುವುದು ಬೇರೆ

ಹೃದಯದ ಕವಾಟದ (ವಾಲ್ವ್) ಶಸ್ತ್ರಚಿಕಿತ್ಸೆಯಾಗಿ ಆರು ವಾರ ಕಳೆದ ಮೇಲೆ ಮರುತಪಾಸಣೆಗೆ ಬರುವ ದಂಪತಿಗಳನ್ನು ನಾನು ಇಪ್ಪತ್ತು ವರ್ಷಗಳಿಂದ ನೋಡುತ್ತಿದ್ದೇನೆ. ರೋಗಿ ಗಂಡನಾಗಿದ್ದರೆ, ಅವರಿಗೆ ನಡೆಯಲು ಯಾವ ತೊಂದರೆ ಇಲ್ಲದಿದ್ದರೂ ಹೆಂಡತಿ ಆಸ್ಪತ್ರೆಯ ಬಾಗಿಲಿನಲ್ಲಿಯೇ ಗಾಲಿಕುರ್ಚಿ ಕೇಳಿ ಪಡೆದು, ಕೂರಿಸಿ ತಳ್ಳಿಕೊಂಡು ಬರುತ್ತಾರೆ. ರೋಗಿ ಹೆಂಡತಿಯಾಗಿದ್ದರೆ ಆಕೆ ತಾನೇ ನಡೆದು ಬರುತ್ತಾರೆ. ಫೈಲು, ನೀರಿನ ಬಾಟಲಿ, ಊಟದ ಡಬ್ಬಿಗಳಿರುವ ಚೀಲವೂ ಆಕೆಯ ಹೆಗಲಿನಲ್ಲಿಯೇ ಇರುತ್ತದೆ. ಎಲ್ಲ ಮನೆಗಳೂ ಹೀಗೆಯೇ ಎಂದು ನಾನು ಹೇಳುವುದಿಲ್ಲ. ಆದರೂ ವಾರಕ್ಕೆ ಎರಡು ಸಲವಾದರೂ ಈ ದೃಶ್ಯ ಕಂಡು ಸಂಕಟವಾಗುತ್ತದೆ, ಕೆಲವೊಮ್ಮೆ ಸಿಟ್ಟೂ ಬರುತ್ತದೆ. ಆ ಸಿಟ್ಟನ್ನು ಅವರ ಮೇಲೆ ತೋರಿಸಲು ಮನಸ್ಸಾಗುವುದಿಲ್ಲ, ಏಕೆಂದರೆ ಗಾಲಿಕುರ್ಚಿ ತಳ್ಳುವ ಆ ಹೆಂಡತಿ ಆರು ವಾರದಿಂದ ನೆಟ್ಟಗೆ ನಿದ್ದೆ ಮಾಡಿರುವುದಿಲ್ಲ, ಚೀಲ ಹೊತ್ತವಳ ಪಕ್ಕದಲ್ಲಿರುವ ಗಂಡನೂ ಆಪರೇಷನ್ನಿನ ದಿನ ಐಸಿಯು ಬಾಗಿಲಲ್ಲಿ ಹನಿ ನೀರೂ ಮುಟ್ಟದೆ ಕೂತಿದ್ದವನೇ.

ನಾನು ಮೈಸೂರಿನ ಆಸ್ಪತ್ರೆಯೊಂದರ ಹೃದಯ ಶಸ್ತ್ರಚಿಕಿತ್ಸೆಯ ವಾರ್ಡಿನಲ್ಲಿ ಫಿಸಿಯೋಥೆರಪಿಸ್ಟ್. ಮಾತ್ರೆಯ ಪ್ರಮಾಣ ಹೇಳುವುದು, ಎಕೋ (ಹೃದಯದ ಸ್ಕ್ಯಾನ್) ನೋಡುವುದು ವೈದ್ಯರ ಕೆಲಸ. ಮಲಗಿದವರನ್ನು ಎಬ್ಬಿಸಿ, ಕೆಮ್ಮಿಸಿ, ನಡೆಸಿ, ಮೆಟ್ಟಿಲು ಹತ್ತಿಸಿ ಮನೆಗೆ ಕಳುಹಿಸುವುದು ನನ್ನದು. ಮನೆಗೆ ಹೋದ ಮೇಲೆ ಆ ಕೆಲಸ ಗಂಡನಿಗೋ ಹೆಂಡತಿಗೋ ಬರುತ್ತದೆ, ಕೆಡುವುದೂ ಅಲ್ಲಿಯೇ. ಕೆಡಿಸುವುದು ‘ರೆಸ್ಟ್’ ಎಂಬ ಒಂದೇ ಮಾತು. “ಮೂರು ತಿಂಗಳು ರೆಸ್ಟ್ ಹೇಳಿದ್ದಾರೆ” ಎಂಬ ಮಾತು ಗಂಡ ರೋಗಿಯಾಗಿರುವ ಮನೆಯಲ್ಲಿ ಮಂಚದಿಂದ ಇಳಿಯಬಾರದು ಎಂಬ ಅರ್ಥ ಪಡೆಯುತ್ತದೆ. ಹೆಂಡತಿ ರೋಗಿಯಾಗಿರುವ ಮನೆಯಲ್ಲಿ ಹೊಲಕ್ಕೆ, ಕೂಲಿಗೆ, ಆಫೀಸಿಗೆ ಹೋಗಬೇಕಿಲ್ಲ, ಮನೆಯಲ್ಲಿದ್ದರೆ ಸಾಕು ಎಂಬ ಅರ್ಥ ಪಡೆಯುತ್ತದೆ. ಎರಡೂ ತಪ್ಪು.

ಶಸ್ತ್ರಚಿಕಿತ್ಸೆ ನಡೆದಿರುವುದು ಹೃದಯಕ್ಕಾದರೂ, ಮನೆಯವರು ಮೂರು ತಿಂಗಳು ಕಾಯಬೇಕಾದದ್ದು ಮುಖ್ಯವಾಗಿ ಒಂದು ಎಲುಬನ್ನು. ಹೃದಯವನ್ನು ತಲುಪಲು ಎದೆಯ ನಡುವಿನ ಎಲುಬನ್ನು ಮೇಲಿನಿಂದ ಕೆಳಗಿನವರೆಗೆ ಉದ್ದಕ್ಕೆ ಸೀಳಿ, ಕೆಲಸ ಮುಗಿದ ಮೇಲೆ ಎರಡು ಹೋಳುಗಳನ್ನೂ ಕೂಡಿಸಿ ಸ್ಟೀಲಿನ ತಂತಿಯಿಂದ ಬಿಗಿದಿರುತ್ತಾರೆ. ತಂತಿ ಹೋಳುಗಳನ್ನು ಹಿಡಿದಿಡುತ್ತದೆ ಅಷ್ಟೆ, ಬೆಸೆದುಕೊಳ್ಳಬೇಕಾದದ್ದು ಎಲುಬೇ. ಕೈ ಮುರಿದರೆ ಹಿಟ್ಟಿನ ಕಟ್ಟು ಹಾಕಿ ಅಲುಗದಂತೆ ಇಡಬಹುದು. ಉಸಿರಾಡಿದಾಗಲೆಲ್ಲ ಏರಿಳಿಯುವ ಈ ಎಲುಬಿಗೆ ಅಂಥ ಕಟ್ಟು ಹಾಕಲಾಗುವುದಿಲ್ಲ. ಸಾಮಾನ್ಯವಾಗಿ ಆರರಿಂದ ಎಂಟು ವಾರಕ್ಕೆ ಅದು ಒಂದು ಹದಕ್ಕೆ ಕೂಡಿಕೊಳ್ಳುತ್ತದೆ, ಪೂರ್ತಿ ಗಟ್ಟಿಯಾಗಲು ಮೂರು ತಿಂಗಳು ಬೇಕು. ಸಕ್ಕರೆ ಕಾಯಿಲೆ ಇರುವವರಲ್ಲಿ, ಬೀಡಿ ಸಿಗರೇಟು ಬಿಡದವರಲ್ಲಿ, ತೂಕ ಹೆಚ್ಚಿರುವವರಲ್ಲಿ ಇನ್ನೂ ನಿಧಾನವಾಗಬಹುದು.

ಆ ಎಲುಬಿನ ಎರಡು ಅಂಚಿಗೂ ಎದೆಯ ದೊಡ್ಡ ಸ್ನಾಯುಗಳು ಅಂಟಿಕೊಂಡು ತೋಳಿನವರೆಗೆ ಹೋಗುತ್ತವೆ. ನೀವು ಭಾರ ಎತ್ತಿದಾಗ, ತಳ್ಳಿದಾಗ, ಎಳೆದಾಗ, ಹಿಂಡಿದಾಗ ಬಲಗಡೆಯ ಸ್ನಾಯು ಒಂದು ಹೋಳನ್ನು ಬಲಕ್ಕೂ ಎಡಗಡೆಯದು ಇನ್ನೊಂದನ್ನು ಎಡಕ್ಕೂ ಜಗ್ಗುತ್ತದೆ. ನಡೆಯುವಾಗ ದುಡಿಯುವುದು ಕಾಲು. ಎಲುಬಿಗೆ ಆ ಜಗ್ಗಾಟವಿಲ್ಲ. ಹೀಗಾಗಿ ನಡೆಯುವುದು ಮೊದಲ ವಾರದಿಂದಲೇ ಬೇಕು, ಎತ್ತುವುದು ಮೂರು ತಿಂಗಳವರೆಗೆ ಬೇಡ. ಆಸ್ಪತ್ರೆ ಬಿಡುವ ದಿನ ಇದನ್ನು ಮೂರು ಸಲ ಹೇಳಿ, ಅವರಿಂದಲೂ ಹೇಳಿಸುತ್ತೇನೆ. ಆದರೂ ಆರು ವಾರದ ಹೊತ್ತಿಗೆ ಎರಡೂ ಒಂದರೊಳಗೊಂದು ಕಲಸಿಹೋಗಿ ‘ಶ್ರಮ ಪಡಬಾರದು’ ಎಂಬುದಷ್ಟೇ ಉಳಿದಿರುತ್ತದೆ.

ಹೊಸ ಕವಾಟಕ್ಕೆ ವಿಶ್ರಾಂತಿ ಕೊಡುತ್ತಿದ್ದೇವೆ ಎಂದು ಗಂಡನನ್ನು ಮಲಗಿಸುವ ಹೆಂಡತಿಯರಿಗೆ ನಾನು ಒಂದು ಲೆಕ್ಕ ಹೇಳುತ್ತೇನೆ. ನಿಮಿಷಕ್ಕೆ 70 ಬಡಿತವೆಂದರೆ ಕವಾಟ ದಿನಕ್ಕೆ ಸುಮಾರು 1 ಲಕ್ಷ ಸಲ ತೆರೆದು ಮುಚ್ಚುತ್ತದೆ. ಮಲಗಿದರೂ ಅದು ನಿಲ್ಲುವುದಿಲ್ಲ, ನಿಲ್ಲಲೂಬಾರದು. ಮಲಗಿದ್ದರಿಂದ ಕವಾಟಕ್ಕೆ ಲಾಭವಿಲ್ಲ, ಮೈಗೆ ನಷ್ಟವಿದೆ: ಶ್ವಾಸಕೋಶದ ತಳದಲ್ಲಿ ಕಫ ಕಟ್ಟಿಕೊಳ್ಳುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ, ತೊಡೆಯ ಮಾಂಸ ಕರಗುತ್ತದೆ, ಮಲಬದ್ಧತೆಯಾಗುತ್ತದೆ, ಮನಸ್ಸು ಕುಗ್ಗುತ್ತದೆ. ಮೊದಲ ವಾರ ಮನೆಯೊಳಗೇ ಐದೈದು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಆಮೇಲೆ ದಿನಕ್ಕೊಂದಿಷ್ಟು ಹೆಚ್ಚಿಸುತ್ತ ಆರನೆಯ ವಾರಕ್ಕೆ ಒಂದೇ ಸಲಕ್ಕೆ ಅರ್ಧ ಗಂಟೆ ನಡೆಯುವಂತಾದರೆ ಬಹಳ ಜನರಿಗೆ ಸರಿಯಾದ ಗತಿ. ಹೆಂಡತಿ ಜೊತೆಗೆ ನಡೆಯಲಿ, ನಡೆಯುತ್ತ ಮಾತಾಡಲಿ. ಅವರು ಪೂರ್ತಿ ವಾಕ್ಯದಲ್ಲಿ ಉತ್ತರ ಕೊಡುತ್ತಿದ್ದರೆ ವೇಗ ಸರಿಯಿದೆ. ನಡುವೆ ಉಸಿರಿಗಾಗಿ ನಿಲ್ಲುತ್ತಿದ್ದರೆ ನಿಧಾನಿಸಬೇಕು. ಹೃದಯದ ಪಂಪಿಂಗ್ ಶಕ್ತಿ ಮೊದಲೇ ಕುಗ್ಗಿದವರಿಗೆ, ಬಡಿತದ ಲಯ ತಪ್ಪಿದವರಿಗೆ ಈ ಲೆಕ್ಕ ಬೇರೆ. ಅಂಥವರು ತಮ್ಮ ವೈದ್ಯರು ಹೇಳಿದಷ್ಟೇ ನಡೆಯಬೇಕು.

ಈ ಹೆಂಡತಿಯರ ಭಯ ಎಲ್ಲಿಂದ ಬರುತ್ತದೆಂದು ನನಗೆ ಗೊತ್ತಿದೆ. ಲೋಹದ ಕವಾಟ ಮುಚ್ಚುವಾಗ ಗಡಿಯಾರದಂತೆ ಟಿಕ್ ಟಿಕ್ ಎಂಬ ಸದ್ದು ಬರುತ್ತದೆ, ಅದು ರಾತ್ರಿಯ ನಿಶ್ಶಬ್ದದಲ್ಲಿ ಪಕ್ಕದಲ್ಲಿ ಮಲಗಿದವರಿಗೂ ಕೇಳುತ್ತದೆ. ಒಬ್ಬ ತಾಯಿ ತಿಂಗಳುಗಟ್ಟಲೆ ಆ ಸದ್ದನ್ನು ಎಣಿಸುತ್ತ ಎಚ್ಚರವಾಗಿರುತ್ತಿದ್ದರು. ಒಂದು ರಾತ್ರಿ ಫ್ಯಾನಿನ ಸದ್ದಿನಲ್ಲಿ ಅದು ಕೇಳಿಸದೆ ಗಂಡನನ್ನು ಅಲುಗಾಡಿಸಿ ಎಬ್ಬಿಸಿದರಂತೆ. ಎಲ್ಲ ಕವಾಟಗಳೂ ಒಂದೇ ಬಗೆಯ ಸದ್ದು ಮಾಡುವುದಿಲ್ಲ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ರೂಪುಗೊಂಡು 1990ರಲ್ಲಿ ಮೊದಲು ರೋಗಿಗೆ ಅಳವಡಿಸಲಾದ ಚಿತ್ರಾ ಕವಾಟದಲ್ಲಿ ಓರೆಯಾಗಿ ತೆರೆದುಕೊಳ್ಳುವ ಒಂದೇ ಬಿಲ್ಲೆ ಇರುತ್ತದೆ, ಬೇರೆ ಕೆಲವುಗಳಲ್ಲಿ ಎರಡು ಎಸಳುಗಳಿರುತ್ತವೆ, ಪ್ರಾಣಿಗಳ ಅಂಗಾಂಶದಿಂದ ಮಾಡಿದ ಕವಾಟದಲ್ಲಿ ಆ ಟಿಕ್ ಟಿಕ್ ಇರುವುದೇ ಇಲ್ಲ. ಸದ್ದು ಕೇಳುತ್ತಿದ್ದರೆ ಹೆದರಬೇಕಿಲ್ಲ. ಸ್ಪಷ್ಟವಾಗಿ ಕೇಳುತ್ತಿದ್ದ ಸದ್ದು ಮಂಕಾದರೆ, ಇಲ್ಲವೇ ಉಸಿರುಗಟ್ಟುವಂತಾದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೊರಡಬೇಕು.

ಪ್ರೀತಿಯಿಂದಲೇ ಆಗುವ ಇನ್ನೊಂದು ಅನಾಹುತವೆಂದರೆ ಹಾಸಿಗೆಯಿಂದ ಏಳಿಸುವಾಗ ಕೈ ಹಿಡಿದು ಎಳೆಯುವುದು. ಏಳುವವರು ಮೊದಲು ಮಗ್ಗುಲಾಗಿ ಹೊರಳಬೇಕು, ಕಾಲುಗಳನ್ನು ಮಂಚದಿಂದ ಕೆಳಗೆ ಬಿಡಬೇಕು, ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡೇ ಎದ್ದು ಕೂರಬೇಕು. ಆಸರೆ ಕೊಡುವವರು ಬೆನ್ನಿನ ಹಿಂದೆ, ಭುಜದ ಕೆಳಗೆ ಅಂಗೈ ಇಡಬೇಕು. ಕೆಮ್ಮು ಬಂದಾಗ ದಿಂಬನ್ನು ಎದೆಗೆ ಅಪ್ಪಿಕೊಳ್ಳುವುದನ್ನು ಮರೆಯಬಾರದು. ಈಚೆಗೆ ಅನೇಕ ಕಡೆ ತೋಳಿನ ಚಲನೆಯನ್ನು ಪೂರ್ತಿ ನಿಷೇಧಿಸದೆ, ಮೊಣಕೈ ಪಕ್ಕೆಗೆ ತಾಗಿಕೊಂಡಿರುವಷ್ಟು ಕೆಲಸವನ್ನು ಧೈರ್ಯವಾಗಿ ಮಾಡಿ ಎನ್ನುತ್ತಾರೆ; ನನಗೂ ಅದು ಸರಿಯೆನಿಸುತ್ತದೆ. ಪಕ್ಕೆಲುಬುಗಳ ಸಂದಿಯಿಂದ ಸಣ್ಣ ಸೀಳಿನಲ್ಲಿ ಶಸ್ತ್ರಚಿಕಿತ್ಸೆಯಾದವರಿಗೆ, ತೊಡೆಯ ರಕ್ತನಾಳದ ಮೂಲಕ ಕವಾಟ ಹಾಕಿಸಿಕೊಂಡವರಿಗೆ ನಾನಿಲ್ಲಿ ಹೇಳುವ ಎಲುಬಿನ ನಿಯಮಗಳು ಹಾಗೆಯೇ ಅನ್ವಯಿಸುವುದಿಲ್ಲ.

ಇನ್ನು ಎತ್ತುವ ಮಾತು. ನಮ್ಮಲ್ಲಿ ಬಾಲ್ಯದಲ್ಲಿ ಗಂಟಲಿನ ಸೋಂಕಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟು ಬರುವವರಲ್ಲಿ ಮೂವತ್ತು ನಲವತ್ತರ ಹೆಂಗಸರು ಬಹಳ. ಮಂಡ್ಯ ಕಡೆಯ ಹಳ್ಳಿಯ ಅಂಥ ಒಬ್ಬಾಕೆಗೆ ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟ ಬದಲಾಯಿಸಿದ್ದರು. ಗಂಡ ಒಳ್ಳೆಯವನು, ಹೆಂಡತಿ ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಕಾರಿಡಾರಿನಲ್ಲಿ ಚಾಪೆ ಹಾಸಿ ಮಲಗಿದವನು. ಎಂಟನೆಯ ವಾರ ಬಂದಾಗ ಆಕೆ, “ಎದೆ ಒಳಗೆ ಏನೋ ಕಟಕ್ ಅನ್ನುತ್ತೆ ಮೇಡಂ” ಎಂದರು. ಎಲುಬಿನ ಮೇಲೆ ಅಂಗೈಯಿಟ್ಟು ಮೆಲ್ಲಗೆ ಕೆಮ್ಮಲು ಹೇಳಿದೆ; ಎರಡು ಹೋಳುಗಳೂ ನನ್ನ ಕೈಯ ಕೆಳಗೆ ಬೇರೆಬೇರೆಯಾಗಿ ಅಲುಗಿದವು. ಆಕೆಗೆ ಮತ್ತೆ ಅರಿವಳಿಕೆ ಕೊಟ್ಟು, ಎದೆ ತೆರೆದು, ಹೊಸದಾಗಿ ತಂತಿ ಬಿಗಿಯಬೇಕಾಯಿತು.

“ದನದ ಕೆಲಸ, ಹೊಲದ ಕೆಲಸ, ನೀರು ತರೋದು ಎಲ್ಲಾ ನಾನೇ ಮಾಡ್ದೆ ಮೇಡಂ, ಅಡುಗೆ ಮನೇಲಿ ಭಾರ ಏನಿದೆ ಅಂದ್ಕೊಂಡೆ” ಎಂದ ಆ ಗಂಡ. ಮೂರನೆಯ ವಾರದಿಂದಲೇ ಆಕೆ ದಿನಕ್ಕೆರಡು ಹೊತ್ತು, ಆರು ಜನಕ್ಕೆ ಮುದ್ದೆ ತೊಳಸುತ್ತಿದ್ದರು. ಮುದ್ದೆ ತೊಳಸುವುದನ್ನು ಒಮ್ಮೆ ಹತ್ತಿರ ನಿಂತು ನೋಡಿ. ಕುದಿಯುವ ಪಾತ್ರೆ ಅಲುಗದಂತೆ ಒತ್ತಿ ಹಿಡಿದು, ಮುಂದಕ್ಕೆ ಬಾಗಿ, ಗಟ್ಟಿಯಾಗುತ್ತಿರುವ ಹಿಟ್ಟಿನೊಳಗೆ ಕೋಲನ್ನು ಎದೆಯ ಬಲದಿಂದ ತಳ್ಳಿ ತಿರುವಬೇಕು. ಗಂಟು ಒಡೆಯುವವರೆಗೆ ಬಿಡುವಂತಿಲ್ಲ. ಎದೆಯ ಎಲುಬನ್ನು ಎರಡು ಕಡೆಗೂ ಜಗ್ಗುವ ಕೆಲಸವನ್ನು ಯಾರಾದರೂ ಬೇಕೆಂದೇ ಹುಡುಕಿದರೆ ಇದಕ್ಕಿಂತ ಚೆನ್ನಾದದ್ದು ಸಿಗಲಾರದು. ನಾನು ಆಕೆಗೆ ‘ಭಾರ ಎತ್ತಬೇಡಿ’ ಎಂದಿದ್ದೆ. ಮುದ್ದೆ ಎಂಬ ಮಾತು ನನ್ನ ಬಾಯಿಂದ ಬಂದಿರಲಿಲ್ಲ, ಅದಕ್ಕಾಗಿ ನನಗೆ ಇವತ್ತಿಗೂ ನೋವಿದೆ.

ಅಂದಿನಿಂದ ನಾನು ಭಾರವೆಂಬ ಮಾತನ್ನು ಬಿಟ್ಟು ಮನೆಯ ಕೆಲಸಗಳ ಹೆಸರು ಹಿಡಿದೇ ಕೇಳುತ್ತೇನೆ, ಅದೂ ಗಂಡನನ್ನು ಎದುರಿಗೆ ಕೂರಿಸಿಕೊಂಡು. ಕುಡಿಯುವ ನೀರಿನ ಘಟಕದಿಂದ 20 ಲೀಟರಿನ ಕ್ಯಾನ್ ಯಾರು ತರುತ್ತಾರೆ? ತುಂಬಿದ ಗ್ಯಾಸ್ ಸಿಲಿಂಡರಿನಲ್ಲಿ ಅನಿಲವೇ 14.2 ಕೆಜಿ ಇರುತ್ತದೆ, ಕಬ್ಬಿಣದ ತೂಕ ಸೇರಿದರೆ 30 ಕೆಜಿಯ ಹತ್ತಿರವಾಗುತ್ತದೆ, ಅದನ್ನು ಯಾರು ಜರುಗಿಸುತ್ತಾರೆ? ಬೆಡ್‌ಶೀಟ್ ಯಾರು ಹಿಂಡುತ್ತಾರೆ? ಗ್ರೈಂಡರಿನ ಕಲ್ಲು ಯಾರು ಎತ್ತುತ್ತಾರೆ? ಚಪಾತಿ ಹಿಟ್ಟು ಯಾರು ನಾದುತ್ತಾರೆ? ಎರಡು ವರ್ಷದ ಮಗು ಕೈಚಾಚಿ ಬಂದರೆ ಏನು ಮಾಡುತ್ತೀರಿ? (ಕೂತುಕೊಳ್ಳಿ, ಬೇರೆಯವರು ಮಗುವನ್ನು ತೊಡೆಯ ಮೇಲೆ ಕೂರಿಸಲಿ.) ಸಾಮಾನ್ಯವಾಗಿ ನಾವು ಹೇಳುವ ಮಿತಿ 4–5 ಕೆಜಿ, ಸಾರು ತುಂಬಿದ ಐದು ಲೀಟರಿನ ಕುಕ್ಕರ್ ಅದನ್ನು ದಾಟುತ್ತದೆ. ಗಂಡ ರೋಗಿಯಾಗಿದ್ದರೆ ಅಂಗಡಿಯ ಶಟರ್, ಬೈಕಿನ ಕಿಕ್ಕರ್, ಸ್ಕೂಟರನ್ನು ನಡು ಸ್ಟ್ಯಾಂಡಿಗೆ ಎಳೆದು ನಿಲ್ಲಿಸುವುದು, ಇವುಗಳ ಬಗ್ಗೆ ಕೇಳುತ್ತೇನೆ. ಅತ್ತೆ, “ನಾನಿದ್ದೀನಲ್ಲ, ನೋಡ್ಕೋತೀನಿ” ಎಂದರೆ ಅವರ ಮಂಡಿನೋವಿನ ವಿಚಾರವನ್ನೂ ಕೇಳುತ್ತೇನೆ. ನಾಲ್ಕನೆಯ ದಿನ ಅವರು ಕೈಚೆಲ್ಲಿದರೆ ಕೋಲು ಮತ್ತೆ ರೋಗಿಯ ಕೈಗೇ ಹೋಗುತ್ತದೆ.

ಮಾತ್ರೆಯ ವಿಷಯದಲ್ಲಿ ಒಂದೆರಡು ಮಾತು ಸಾಕು, ಉಳಿದದ್ದನ್ನು ವೈದ್ಯರು ಹೇಳಿರುತ್ತಾರೆ. ಲೋಹದ ಕವಾಟದವರಿಗೆ ಅಸಿಟ್ರೋಮ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ಜೀವನಪೂರ್ತಿ ಇರುತ್ತದೆ. ಅದನ್ನು ದಿನವೂ ಒಂದೇ ಹೊತ್ತಿಗೆ ನುಂಗಿ ಕ್ಯಾಲೆಂಡರಿನಲ್ಲಿ ಗುರುತು ಹಾಕುವುದನ್ನು ಇಬ್ಬರೂ ಕಲಿಯಬೇಕು, ಹೇಳಿದ ದಿನ ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತನ್ನು ಅಳೆಯುವ ಐಎನ್‌ಆರ್ ಪರೀಕ್ಷೆ ಮಾಡಿಸಬೇಕು. ಸೊಪ್ಪು ಬಿಡಬೇಕಿಲ್ಲ, ವಾರವಾರವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿರಲಿ. ಮೈಕೈ ನೋವೆಂದು ಮೆಡಿಕಲ್ ಸ್ಟೋರಿನಿಂದ ನೋವಿನ ಮಾತ್ರೆ ತಂದು ಕೊಡಬೇಡಿ, ಹಲ್ಲು ಕೀಳಿಸುವ ಮೊದಲು ಕವಾಟದ ವಿಷಯ ಹೇಳಿ. ಮಗು ಬೇಕೆನ್ನುವ ಹೆಣ್ಣುಮಕ್ಕಳು ಗರ್ಭ ನಿಲ್ಲುವ ಮೊದಲೇ ಹೃದ್ರೋಗ ತಜ್ಞರನ್ನು ಕಾಣಲೇಬೇಕು, ಏಕೆಂದರೆ ಈ ಮಾತ್ರೆ ಮೊದಲ ತಿಂಗಳುಗಳಲ್ಲಿ ಭ್ರೂಣಕ್ಕೆ ತೊಂದರೆ ಕೊಡಬಲ್ಲದು, ನಿಲ್ಲಿಸಿದರೆ ಕವಾಟದಲ್ಲಿ ರಕ್ತ ಹೆಪ್ಪುಗಟ್ಟಬಲ್ಲದು.

ಗಾಯದಿಂದ ನೀರು ಸೋರಿದರೆ, ಜ್ವರ ಬಂದರೆ, ಎರಡು ದಿನದಲ್ಲಿ ತೂಕ ಒಂದೂವರೆ ಕೆಜಿ ಏರಿದರೆ, ಮಲ ಕಪ್ಪಾದರೆ ಅದೇ ದಿನ ಫೋನು ಮಾಡಿ. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಫೋನಿಗೂ ಕಾಯಬೇಡಿ. ಗಂಡಸರು ಮೂರನೆಯ ನಾಲ್ಕನೆಯ ವಾರದಲ್ಲಿ ಕಾರಣವಿಲ್ಲದೆ ಅಳುವುದುಂಟು. ಹೆಂಡತಿಯರು ಅದನ್ನು ನನಗೆ ಗುಟ್ಟಾಗಿ ಹೇಳುತ್ತಾರೆ. ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ಇದು ಅನೇಕರಲ್ಲಿ ಕಾಣುತ್ತದೆ, ಹೆಚ್ಚಿನವರಲ್ಲಿ ತಾನಾಗಿಯೇ ತಿಳಿಯಾಗುತ್ತದೆ. ವಾರಗಟ್ಟಲೆ ಉಳಿದರೆ ವೈದ್ಯರಿಗೆ ಹೇಳಿ. ದಾಂಪತ್ಯ ಸುಖದ ವಿಷಯವನ್ನು ಇಬ್ಬರೂ ಕೇಳುವುದಿಲ್ಲವಾದ್ದರಿಂದ ನಾನೇ ಹೇಳಿಬಿಡುತ್ತೇನೆ: ಎರಡು ಮಹಡಿ ಮೆಟ್ಟಿಲನ್ನು ಏದುಸಿರಿಲ್ಲದೆ ಹತ್ತುವಂತಾದ ಮೇಲೆ, ಸಾಮಾನ್ಯವಾಗಿ ಆರರಿಂದ ಎಂಟು ವಾರದ ಹೊತ್ತಿಗೆ, ಎದೆಯ ಮೇಲೆ ತೋಳಿನ ಭಾರ ಬೀಳದಂತೆ ನೋಡಿಕೊಂಡರೆ ಹೆದರಿಕೆಯಿಲ್ಲ.

ಮಂಡ್ಯ ಕಡೆಯ ಆ ದಂಪತಿಗಳು ಎರಡನೆಯ ಸಲ ತಂತಿ ಬಿಗಿದ ಮೇಲೆ ಮೂರು ತಿಂಗಳಿಗೆ ಬಂದರು. ಮತ್ತೆ ಅಂಗೈಯಿಟ್ಟು ಕೆಮ್ಮಿಸಿ ನೋಡಿದೆ, ಎಲುಬು ಕಲ್ಲಿನಂತೆ ಕೂಡಿಕೊಂಡಿತ್ತು. ಸರ್ಜನ್ ಕೂಡ ನೋಡಿ ಒಪ್ಪಿದ ಮೇಲೆ, ಇನ್ನು ಸ್ವಲ್ಪ ಸ್ವಲ್ಪವಾಗಿ ಅಡುಗೆಮನೆಯ ಕೆಲಸ ಶುರು ಮಾಡಬಹುದು, ಮೊದಲು ಒಬ್ಬರಿಬ್ಬರಿಗೆ ಆಗುವಷ್ಟು ಹಿಟ್ಟು ತೊಳಸಿ ನೋಡಿ ಎಂದೆ. ಆಕೆ ಗಂಡನ ಕಡೆ ನೋಡಿ, “ಇರ್ಲಿ ಬಿಡಿ ಮೇಡಂ, ಈಗೀಗ ಅವರಿಗೆ ಗಂಟಿಲ್ಲದಂಗೆ ಬರ್ತಾ ಇದೆ” ಎಂದರು.