ಬೆಳಕಿಗೆ ಹಾಯಿ ಬಿಚ್ಚುವ ಕಷ್ಟ

ಬೆಳಕು ತಳ್ಳುತ್ತದೆ. ಅದಕ್ಕೆ ತೂಕವಿಲ್ಲದಿದ್ದರೂ ಸಂವೇಗವಿದೆ. ಕನ್ನಡಿಯಂಥ ಮೈಗೆ ಬಡಿದು ಹಿಂದಿರುಗುವಾಗ ಆ ಮೈಯನ್ನು ಒಂದಿಷ್ಟು ನೂಕಿಯೇ ಹೋಗುತ್ತದೆ. ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ 19ನೇ ಶತಮಾನದಲ್ಲಿ ಲೆಕ್ಕ ಹಾಕಿ ಹೇಳಿದ್ದ ಈ ಒತ್ತಡವನ್ನು ರಷ್ಯಾದ ಪ್ಯೋತ್ರ್ ಲೆಬೆದೆವ್ ಪ್ರಯೋಗಶಾಲೆಯಲ್ಲಿ ಅಳೆದು ತೋರಿಸಿ ನೂರು ವರ್ಷ ದಾಟಿದೆ. ಹಾಗಾದರೆ ಕನ್ನಡಿಯಂಥ ತೆಳು ಹಾಳೆಯ ಸೌರ ಹಾಯಿ ಬಿಚ್ಚಿ, ಈ ನೂಕಿನಿಂದಲೇ ಸಾಗುವ, ಇಂಧನವೇ ಬೇಡದ ನೌಕೆಗಳು ಇಷ್ಟು ಹೊತ್ತಿಗೆ ಗ್ರಹದಿಂದ ಗ್ರಹಕ್ಕೆ ಓಡಾಡುತ್ತಿರಬೇಕಿತ್ತಲ್ಲ? ಅಡ್ಡಿಯಾಗಿರುವುದು ಭೌತವಿಜ್ಞಾನವಲ್ಲ, ಮಡಿಸಿಟ್ಟ ಹಾಳೆಯನ್ನು ಬಿಚ್ಚುವ ಕೆಲಸ.

ಭೂಮಿಯಷ್ಟು ದೂರದಲ್ಲಿ ಸೂರ್ಯನ ಬೆಳಕು ಒಂದು ಚದರ ಮೀಟರ್ ಕನ್ನಡಿಯನ್ನು ತಳ್ಳುವ ಬಲ ಸುಮಾರು 9 ಮೈಕ್ರೊನ್ಯೂಟನ್. ಏನೇನೂ ಸಾಲದು. ಆದ್ದರಿಂದ ಹಾಯಿ ಬಹಳ ದೊಡ್ಡದಿರಬೇಕು, ಬಹಳ ಹಗುರವಾಗಿರಬೇಕು, ಅಷ್ಟಾಗಿಯೂ ರಾಕೆಟ್ಟಿನ ಮೂಲೆಯಲ್ಲಿ ಪೆಟ್ಟಿಗೆಯೊಳಗೆ ಅಡಗಿ ಕೂರಬೇಕು. ಒಮ್ಮೆ ಬಿಚ್ಚಿಕೊಂಡರೆ ಮಾತ್ರ ಅದರ ತಾಳ್ಮೆಗೆ ಎಣೆಯಿಲ್ಲ. 2019ರಲ್ಲಿ ಹಾರಿದ ಲೈಟ್‌ಸೇಲ್-2 ಕೇವಲ 5 ಕಿಲೊ ತೂಕದ್ದು, ಅದರ ಹಾಯಿ 32 ಚದರ ಮೀಟರ್. ಸೂರ್ಯನಿಗೆ ನೇರವಾಗಿ ಮುಖಮಾಡಿ ನಿಂತರೆ ಒಂದು ದಿನದಲ್ಲಿ ಅದರ ವೇಗ ಗಂಟೆಗೆ 18 ಕಿಲೊಮೀಟರಿನಷ್ಟು ಹೆಚ್ಚಬಹುದು. ಮರುದಿನ ಮತ್ತಷ್ಟು, ಅದರ ಮರುದಿನ ಇನ್ನಷ್ಟು.

ಬೆಳಕಿನ ಈ ನೂಕಾಟ, ಇಸ್ರೊದ ಉಪಗ್ರಹ ನಿಯಂತ್ರಣ ಕೇಂದ್ರವಿರುವ ನಮ್ಮ ಹಾಸನಕ್ಕೆ ಹೊಸದಲ್ಲ. ಮೊದಲ ಇನ್ಸಾಟ್ ಉಪಗ್ರಹಗಳಲ್ಲಿ ಹವಾಮಾನದ ಕ್ಯಾಮೆರಾ ತಣ್ಣಗಿರಲೆಂದು ಸೌರಫಲಕವನ್ನು ಒಂದೇ ಪಕ್ಕಕ್ಕೆ ಇಡಬೇಕಾಗಿತ್ತು. ಆ ಫಲಕವನ್ನು ಬೆಳಕು ತಳ್ಳಿ ಉಪಗ್ರಹವನ್ನು ತಿರುಗಿಸಿಬಿಡದಂತೆ ಇನ್ನೊಂದು ಪಕ್ಕದಲ್ಲಿ ಪುಟ್ಟ ಸೌರ ಹಾಯಿಯನ್ನು ಚಾಚುತ್ತಿದ್ದರು. 1982ರ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್-1ಎ ಉಪಗ್ರಹದಲ್ಲಿ ಆ ಹಾಯಿ ಬಿಚ್ಚಿಕೊಳ್ಳಲೇ ಇಲ್ಲ. ಬೇರೆ ತೊಂದರೆಗಳೂ ಸೇರಿ, ಸೆಪ್ಟೆಂಬರ್ ಹೊತ್ತಿಗೆ ಉಪಗ್ರಹವೇ ಕೈತಪ್ಪಿತು.

ಗ್ರಹಗಳ ನಡುವೆ ಮೊದಲು ಹಾಯಿ ಬಿಚ್ಚಿದ ಕೀರ್ತಿ ಜಪಾನಿನದು. 2010ರ ಮೇ ತಿಂಗಳಲ್ಲಿ ಹೊರಟ ಇಕಾರೋಸ್ ನೌಕೆಯ ಹಾಯಿಗೆ ಕಂಬ, ಕಡ್ಡಿ ಯಾವುದೂ ಇರಲಿಲ್ಲ. 14 ಮೀಟರ್ ಅಗಲದ ಚೌಕಾಕಾರದ ಹಾಳೆ, ದಪ್ಪ 7.5 ಮೈಕ್ರಾನ್. ಅದರ ನಾಲ್ಕೂ ಮೂಲೆಗಳಿಗೆ ಅರ್ಧರ್ಧ ಕಿಲೊ ಭಾರ ಕಟ್ಟಿ, ನೌಕೆಯನ್ನೇ ಗಿರಗಿರನೆ ತಿರುಗಿಸಿ, ಆ ಸೆಳೆತದಿಂದಲೇ ಹಾಳೆಯನ್ನು ಬಿಡಿಸಿದರು. ನನ್ನನ್ನು ಇನ್ನೂ ಬೆರಗಾಗಿಸುವುದು ಹಾಯಿಯ ದಿಕ್ಕನ್ನು ಬದಲಿಸಿದ ಬಗೆ. ಹಾಯಿಯ ಅಂಚಿನಲ್ಲಿ ದ್ರವಸ್ಫಟಿಕದ ತೆಳು ಪಟ್ಟಿಗಳಿದ್ದವು. ವಿದ್ಯುತ್ ಹರಿಸಿ ಒಂದು ಅಂಚಿನ ಹೊಳಪನ್ನು ಬದಲಿಸಿದರೆ ಅಲ್ಲಿ ತಳ್ಳುವ ಬಲ ಬದಲಾಗುತ್ತದೆ, ಹಾಯಿ ನಿಧಾನವಾಗಿ ಓರೆಯಾಗುತ್ತದೆ. ಒಂದು ಹನಿ ಇಂಧನವೂ ಖರ್ಚಾಗುವುದಿಲ್ಲ. ಅದೇ ಡಿಸೆಂಬರ್‌ನಲ್ಲಿ ಇಕಾರೋಸ್ ಶುಕ್ರಗ್ರಹದ ಪಕ್ಕದಲ್ಲಿ ಹಾದುಹೋಯಿತು.

ತಿರುಗಿಸಿ ಬಿಚ್ಚುವುದು ಎಲ್ಲ ನೌಕೆಗಳಿಗೂ ಒಗ್ಗುವುದಿಲ್ಲ. ತೋಳು ಚಾಚಿ ಬಿಚ್ಚಬೇಕೆಂದರೆ ಲೋಹದ ತೋಳಿಗೆ ಬಿಸಿಲಿನದೇ ಕಾಟ: ಬಿಸಿಲಿನ ಕಡೆ ಹಿಗ್ಗಿ, ನೆರಳಿನ ಕಡೆ ಹಿಗ್ಗದೆ ಸೊಟ್ಟಗಾಗುತ್ತದೆ. ನಾಸಾ 2024ರ ಏಪ್ರಿಲ್‌ನಲ್ಲಿ ನ್ಯೂಜಿಲೆಂಡಿನಿಂದ ಹಾರಿಸಿದ ಎಸಿಎಸ್-3 ಉಪಗ್ರಹದಲ್ಲಿ ತೋಳುಗಳು ಇಂಗಾಲದ ನಾರು ಸೇರಿಸಿದ ಪಾಲಿಮರಿನವು. ದರ್ಜಿಯ ಟೇಪಿನಂತೆ ಚಪ್ಪಟೆಯಾಗಿ ಸುರುಳಿ ಸುತ್ತಿಕೊಳ್ಳುತ್ತವೆ, ಹೊರಬಂದಾಗ ಕೊಳವೆಯಾಗಿ ಉಬ್ಬಿ ಗಟ್ಟಿಯಾಗಿ ನಿಲ್ಲುತ್ತವೆ. ನಾಸಾ ಪ್ರಕಾರ ಇವು ಹಿಂದಿನ ಲೋಹದ ತೋಳುಗಳಿಗಿಂತ 75% ಹಗುರ, ಬಿಸಿಗೆ ಸೊಟ್ಟಗಾಗುವುದು 100 ಪಟ್ಟು ಕಡಿಮೆ. ಆಗಸ್ಟ್ 29ರಂದು 7 ಮೀಟರ್ ಉದ್ದದ ನಾಲ್ಕು ತೋಳುಗಳು 80 ಚದರ ಮೀಟರ್ ಹಾಯಿಯನ್ನು ಎಳೆದು ನಿಲ್ಲಿಸಿದವು. ಒಂದು ತೋಳು ತುಸು ಬಾಗಿದ್ದು ಕ್ಯಾಮೆರಾದಲ್ಲಿ ಕಂಡಿತು. ಹಾಳೆ ಬಿಗಿಯಾಗುವ ಕೊನೆಯ ಗಳಿಗೆಯಲ್ಲಿ ಹಾಗಾಗಿರಬಹುದೆಂದು ಎಂಜಿನಿಯರುಗಳು ಹೇಳಿದರು. ಇದೇ ಮಾದರಿಯ ತೋಳುಗಳಿಂದ 500 ಚದರ ಮೀಟರ್ ಹಾಯಿಯವರೆಗೂ ಹೋಗಬಹುದೆಂಬುದು ಅವರ ಅಂದಾಜು.

ಅಷ್ಟು ದೊಡ್ಡ ಹಾಯಿ ಯಾಕೆ ಬೇಕು? ಸೂರ್ಯನನ್ನು ಗಮನಿಸುವ ನಮ್ಮ ಆದಿತ್ಯ-ಎಲ್1 ನೌಕೆ ಈಗ ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿಲೊಮೀಟರ್ ಆಚೆ, ಎಲ್1 ಬಿಂದುವಿನ ಸುತ್ತ ಇದೆ. ಸೂರ್ಯ ಮತ್ತು ಭೂಮಿಯ ಎಳೆತಗಳು ಹೊಂದಿಕೊಂಡು, ನೌಕೆ ಭೂಮಿಯ ಜೊತೆಜೊತೆಗೇ ಸೂರ್ಯನನ್ನು ಸುತ್ತಬಲ್ಲ ಜಾಗವದು. ಅದಕ್ಕಿಂತ ಸೂರ್ಯನ ಹತ್ತಿರಕ್ಕೆ ಸರಿದರೆ ಸೂರ್ಯನ ಗುರುತ್ವ ಎಳೆದುಕೊಳ್ಳುತ್ತದೆ, ಎಂಜಿನ್ನು ಉರಿಸುತ್ತಲೇ ಇರಬೇಕು. ಸಾಕಷ್ಟು ಹಗುರವಾದ, ದೊಡ್ಡ ಹಾಯಿಯಿದ್ದರೆ ಬೆಳಕಿನ ಒತ್ತಡವೇ ಆ ಎಳೆತದ ಒಂದು ಪಾಲನ್ನು ಸರಿದೂಗಿಸುತ್ತದೆ, ನೌಕೆ ಅಲ್ಲೇ ನೆಲೆ ನಿಲ್ಲುತ್ತದೆ. ಸೌರ ಬಿರುಗಾಳಿಯ ಸುದ್ದಿ ವಿದ್ಯುತ್ ಜಾಲಗಳಿಗೂ ಉಪಗ್ರಹಗಳಿಗೂ ಇನ್ನಷ್ಟು ಮುಂಚೆ ತಲುಪುತ್ತದೆ. ಇಸ್ರೊ ಕೈಹಾಕಲೇಬೇಕಾದ ಕೆಲಸವಿದು ಎಂದು ನಾನು ಬಲವಾಗಿ ನಂಬಿದ್ದೇನೆ.